ಯುರೋಪಿನ ಮೊದಲ ಕ್ರೂಸ್: ಐಟಿನರಿ ಆರಿಸುವುದು ಹೇಗೆ?

ಕ್ರೂಸ್ ಬುಕ್ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಹಡಗನ್ನು. ಈಜುಕೊಳ ಎಷ್ಟಿವೆ, ಬಾಲ್ಕನಿ ರೂಮ್ ಸಿಗುತ್ತದಾ, ಆಫರ್ ಏನಿದೆ ಅಂತ. ಆಮೇಲೆ ಊರುಗಳ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ, ಏಳು ರಾತ್ರಿಗೆ ಆರು ಊರು, ನಾಲ್ಕು ದೇಶ, ಪರವಾಗಿಲ್ಲ ಅಂದುಕೊಂಡು ಅಡ್ವಾನ್ಸ್ ಕಟ್ಟಿಬಿಡುತ್ತಾರೆ. ಯುರೋಪಿನ ಮಟ್ಟಿಗೆ ಈ ಕ್ರಮ ಉಲ್ಟಾ. ಅಲ್ಲಿಗೆ ನಾವು ಹೋಗುವುದು ಊರು ನೋಡಲು. ಹಡಗು ಯಾವ ಬಂದರಿನಲ್ಲಿ ನಿಲ್ಲುತ್ತದೆ, ವಾರದ ಯಾವ ದಿನ ನಿಲ್ಲುತ್ತದೆ, ಎಷ್ಟು ಗಂಟೆ ನಿಲ್ಲುತ್ತದೆ, ಅಲ್ಲಿಂದ ಊರು ಎಷ್ಟು ದೂರ, ಈ ನಾಲ್ಕು ವಿಷಯ ಗೊತ್ತಿಲ್ಲದೆ ಐಟಿನರಿ (ಹಡಗು ಯಾವ ದಿನ ಯಾವ ಊರಿನಲ್ಲಿ ಎಷ್ಟು ಹೊತ್ತು ಅನ್ನುವ ಪಟ್ಟಿ) ಆರಿಸಲೇಬೇಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೋಮ್, ಪ್ಯಾರಿಸ್, ಫ್ಲಾರೆನ್ಸ್, ಬರ್ಲಿನ್‌ನಂಥ ದೊಡ್ಡ ಊರುಗಳನ್ನು ನೋಡಲು ರೈಲೇ ಸರಿ. ನೀರಿನ ಅಂಚಿನಲ್ಲೇ ಇರುವ ಊರುಗಳಿಗೆ ಹಡಗು ಸರಿ. ಮಾಲ್ಟಾದ ವಲೆಟ್ಟಾ, ಮಾಂಟೆನೆಗ್ರೊದ ಕೊಟೊರ್, ಕ್ರೊಯೇಷಿಯಾದ ಡುಬ್ರೊವ್ನಿಕ್, ಗ್ರೀಸ್‌ನ ರೋಡ್ಸ್, ಸ್ಯಾಂಟೊರಿನಿ, ನಾರ್ವೆಯ ಫ್ಲಾಮ್, ಇಂಥ ಕಡೆ ಹಡಗು ನಿಲ್ಲುವ ಜಾಗದಿಂದ ಊರು ಹತ್ತಿರವೇ ಇರುತ್ತದೆ. ಮೊದಲ ಸಲ ಹೋಗುವವರಿಗೆ ರೋಮ್ ಬಿಡಲು ಮನಸ್ಸಾಗುವುದಿಲ್ಲ, ಅದು ಸಹಜ. ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಹಂತ 1: ತಿಂಗಳು ಮತ್ತು ಜೊತೆಗೆ ಬರುವವರು

ಮೊದಲು ಯಾವ ತಿಂಗಳು ರಜೆ ಸಿಗುತ್ತದೆ ನೋಡಿ. ಮಕ್ಕಳಿರುವ ಮನೆಗೆ ಏಪ್ರಿಲ್-ಮೇ ಬೇಸಿಗೆ ರಜೆ, ಇಲ್ಲವೇ ದಸರಾ ರಜೆ. ಎರಡೂ ಮೆಡಿಟರೇನಿಯನ್‌ಗೆ ಒಳ್ಳೆಯ ಕಾಲವೇ. ಏಪ್ರಿಲ್ ಕೊನೆಯಿಂದ ಮೇ ತಿಂಗಳಿಡೀ ಬಿಸಿಲು ಹಿತವಾಗಿರುತ್ತದೆ, ಜನ ಇನ್ನೂ ತುಂಬಿರುವುದಿಲ್ಲ, ಸಮುದ್ರದ ನೀರು ಮಾತ್ರ ತಣ್ಣಗಿರುತ್ತದೆ. ಅಕ್ಟೋಬರ್‌ನಲ್ಲಿ ನೀರು ಬೆಚ್ಚಗಿರುತ್ತದೆ, ಆದರೆ ಕತ್ತಲಾಗುವುದು ಬೇಗ, ತಿಂಗಳ ಕೊನೆ ಹತ್ತಿರ ಬಂದಂತೆ ಮಳೆ ಜಾಸ್ತಿ. ಜುಲೈ-ಆಗಸ್ಟ್ ಆದಷ್ಟೂ ಬಿಡಿ. ಅಥೆನ್ಸ್‌ನಲ್ಲಿ ಬಿಸಿಗಾಳಿ ಜೋರಾದಾಗ ಅಕ್ರೊಪೊಲಿಸ್ ಅನ್ನೇ ಮಧ್ಯಾಹ್ನದ ಹೊತ್ತು ಮುಚ್ಚುತ್ತಾರೆ, ಇತ್ತೀಚಿನ ಬೇಸಿಗೆಗಳಲ್ಲಿ ಹಾಗೆ ಮತ್ತೆ ಮತ್ತೆ ಆಗಿದೆ. ಅದೇ ತಿಂಗಳುಗಳಲ್ಲಿ ಏಜಿಯನ್ ಸಮುದ್ರದಲ್ಲಿ ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಬೀಸುತ್ತದೆ. ಅದು ಜೋರಾದರೆ ಸ್ಯಾಂಟೊರಿನಿ, ಮಿಕೊನೊಸ್‌ಗಳಲ್ಲಿ ಹಡಗು ನಿಲ್ಲದೇ ಮುಂದೆ ಹೋಗಿಬಿಡಬಹುದು.

ನಾರ್ವೆಗಾದರೆ ಲೆಕ್ಕ ಬೇರೆ. ಮೇ ಕೊನೆಯಿಂದ ಜೂನ್‌ವರೆಗೆ ಹಿಮ ಕರಗಿ ಜಲಪಾತಗಳೆಲ್ಲ ತುಂಬಿ ಹರಿಯುತ್ತವೆ, ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ.

ಇನ್ನು ಜೊತೆಗೆ ಯಾರು ಬರುತ್ತಾರೆ? ಮಂಡಿ ನೋವಿರುವ ಅಪ್ಪ-ಅಮ್ಮ ಬರುತ್ತಾರೆ ಅಂದರೆ ಟೆಂಡರ್ ಬಂದರುಗಳನ್ನು ಆದಷ್ಟು ಕಡಿಮೆ ಮಾಡಿ. ಟೆಂಡರ್ ಅಂದರೆ ಹಡಗು ದಡಕ್ಕೆ ಬರುವುದಿಲ್ಲ, ಸಮುದ್ರದಲ್ಲೇ ಲಂಗರು ಹಾಕುತ್ತದೆ, ಅಲ್ಲಿಂದ ಚಿಕ್ಕ ದೋಣಿಯಲ್ಲಿ ಇಳಿದು ದಡ ಸೇರಬೇಕು. ಅಲೆಗೆ ದೋಣಿ ಮೇಲೆ ಕೆಳಗೆ ಆಡುತ್ತಿರುವಾಗ ಕಾಲಿಡುವುದು ವಯಸ್ಸಾದವರಿಗೆ ಕಷ್ಟ. ಗಾಲಿ ಕುರ್ಚಿ ಬಳಸುವವರನ್ನು ಎಷ್ಟೋ ಕಡೆ ದೋಣಿಗೆ ಹತ್ತಿಸುವುದೇ ಇಲ್ಲ. ಐಟಿನರಿಯಲ್ಲಿ ಊರಿನ ಹೆಸರಿನ ಪಕ್ಕ "ಟೆಂಡರ್" ಅಥವಾ "ಆಂಕರ್ಡ್" ಅಂತ ಬರೆದಿರುತ್ತದೆ, ಅದನ್ನು ಹುಡುಕಿ.

ಹಂತ 2: ವೀಸಾ ನೋಡದೆ ಮುಂದೆ ಹೋಗಬೇಡಿ

ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಇದು ಎರಡನೇ ಹಂತವೇ ಆಗಬೇಕು. ಅಮೆರಿಕನ್ನರು, ಬ್ರಿಟಿಷರು ಬರೆದ ಸಲಹೆಗಳಲ್ಲಿ ಈ ವಿಷಯ ಇರುವುದೇ ಇಲ್ಲ, ಅವರಿಗೆ ಇದರ ತಲೆನೋವಿಲ್ಲ.

ಸ್ಪೇನ್, ಫ್ರಾನ್ಸ್, ಇಟಲಿ, ಮಾಲ್ಟಾ, ಗ್ರೀಸ್ ಎಲ್ಲ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೆ. ಕ್ರೊಯೇಷಿಯಾ ಕೂಡ 2023ರ ಜನವರಿ 1ರಿಂದ ಒಳಗೆ ಬಂದಿದೆ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ. ಮಾಂಟೆನೆಗ್ರೊ, ಟರ್ಕಿ, ಬ್ರಿಟನ್, ಐರ್ಲೆಂಡ್, ಮೊರಾಕೊ, ಟುನೀಷಿಯಾ ಹೊರಗೆ. ನಿಮ್ಮ ಹಡಗು ಗ್ರೀಸ್‌ನಿಂದ ಹೊರಟು ಟರ್ಕಿಯ ಕುಶಾದಸಿಗೆ ಹೋಗಿ ವಾಪಸ್ ಗ್ರೀಸ್‌ಗೆ ಬಂದರೆ, ನೀವು ಷೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಂತೆ. ಸಿಂಗಲ್ ಎಂಟ್ರಿ ವೀಸಾ ಇದ್ದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಹೊರಗಿನ ಒಂದು ಬಂದರು ಇದ್ದರೂ ಮಲ್ಟಿಪಲ್ ಎಂಟ್ರಿ ವೀಸಾ ಬೇಕು ಅಂತ ಅರ್ಜಿಯಲ್ಲೇ ಕೇಳಿ, ಕ್ರೂಸ್ ಬುಕಿಂಗ್ ಪ್ರತಿಯನ್ನು ಬಂದರುಗಳ ಪಟ್ಟಿ ಸಮೇತ ಲಗತ್ತಿಸಿ.

ಮಾಂಟೆನೆಗ್ರೊಗೆ ಸಿಂಧುವಾದ ಷೆಂಗೆನ್ ವೀಸಾ ಇದ್ದರೆ ಬೇರೆ ವೀಸಾ ಬೇಡ, 30 ದಿನದವರೆಗೆ ಇರಬಹುದು. ಟರ್ಕಿಗೆ ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್ ವೀಸಾ ಇರುವ ಭಾರತೀಯರು ಇ-ವೀಸಾ ತೆಗೆದುಕೊಳ್ಳಬಹುದು. ಇನ್ನೊಂದು ವಿಷಯ: "ಆ ಊರಿನಲ್ಲಿ ನಾವು ಇಳಿಯುವುದೇ ಇಲ್ಲ, ಹಡಗಿನಲ್ಲೇ ಇರುತ್ತೇವೆ" ಅಂದರೆ ಆಗುವುದಿಲ್ಲ. ಹಡಗು ಹೋಗುವ ಎಲ್ಲ ದೇಶಗಳ ಕಾಗದಪತ್ರವನ್ನೂ ಹತ್ತುವ ದಿನವೇ ನೋಡುತ್ತಾರೆ, ಸರಿ ಇಲ್ಲದಿದ್ದರೆ ಹತ್ತಿಸುವುದಿಲ್ಲ. ದುಡ್ಡೂ ವಾಪಸ್ ಬರುವುದಿಲ್ಲ.

ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಡುವ ಕ್ರೂಸ್‌ಗಳು ನೋಡಲು ಅಗ್ಗ ಕಾಣುತ್ತವೆ. ಆದರೆ ಅದಕ್ಕೆ ಬ್ರಿಟನ್ ವೀಸಾ ಒಂದು, ಷೆಂಗೆನ್ ಇನ್ನೊಂದು. ಲಂಡನ್‌ನಲ್ಲಿ ಮಗಳೋ ಮಗನೋ ಇದ್ದು, ಅಪ್ಪ-ಅಮ್ಮ ಅಲ್ಲಿಗೆ ಹೋದಾಗ ಜೊತೆಗೆ ಒಂದು ಕ್ರೂಸ್ ಮಾಡೋಣ ಅನ್ನುವ ಮನೆಗಳು ನಮ್ಮಲ್ಲಿ ತುಂಬಾ ಇವೆ. ಅಂಥವರು ಷೆಂಗೆನ್ ವೀಸಾವನ್ನು ಇಲ್ಲಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು. ವಿಸಿಟರ್ ವೀಸಾದ ಮೇಲೆ ಬ್ರಿಟನ್‌ಗೆ ಹೋದವರು ಅಲ್ಲಿಂದ ಷೆಂಗೆನ್‌ಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ.

ಷೆಂಗೆನ್ ಅರ್ಜಿ ಯಾವ ದೇಶಕ್ಕೆ ಹಾಕಬೇಕು? ಹೆಚ್ಚು ದಿನ ಇರುವ ದೇಶಕ್ಕೆ. ಎಲ್ಲ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಿರಲೇಬೇಕು. ಶುಲ್ಕ ದೊಡ್ಡವರಿಗೆ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆ ರಜೆಯ ಮುಂಚೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಹಾಗಾಗಿ ಐಟಿನರಿ ಆರಿಸುವಾಗಲೇ ಯಾವ ದೇಶದ ಅಪಾಯಿಂಟ್‌ಮೆಂಟ್ ಸಿಗುತ್ತಿದೆ ಅಂತಲೂ ನೋಡಿ.

ಹಂತ 3: ಯಾವ ಸಮುದ್ರ?

*ಪಶ್ಚಿಮ ಮೆಡಿಟರೇನಿಯನ್.* ಬಾರ್ಸಿಲೋನಾ, ಮಾರ್ಸೇ, ಜೆನೋವಾ, ರೋಮ್‌ನ ಬಂದರು, ನೇಪಲ್ಸ್ ಅಥವಾ ಪಲೆರ್ಮೊ, ವಲೆಟ್ಟಾ, ಒಂದು ದಿನ ಸಮುದ್ರದಲ್ಲಿ, ಮತ್ತೆ ಬಾರ್ಸಿಲೋನಾ. ಏಳು ರಾತ್ರಿಯ ಮಾಮೂಲಿ ಸುತ್ತು ಇದು, ಸ್ವಲ್ಪ ಆಚೀಚೆ. ಹಡಗುಗಳು ಜಾಸ್ತಿ, ದರವೂ ಕಡಿಮೆ, ಎಲ್ಲ ಷೆಂಗೆನ್ ಒಳಗೇ ಇರುವುದರಿಂದ ವೀಸಾ ಸುಲಭ. ಎಂಎಸ್‌ಸಿ, ಕೋಸ್ಟಾ ಕಂಪನಿಗಳ ಹಡಗುಗಳನ್ನು ಈ ಸುತ್ತಿನ ಹಲವು ಬಂದರುಗಳಲ್ಲಿ ಹತ್ತಬಹುದು. ಅಂದರೆ ಅದೇ ಹಡಗು, ಅದೇ ದಾರಿ, ಆದರೆ ನೀವು ಬಾರ್ಸಿಲೋನಾದಲ್ಲೂ ಹತ್ತಬಹುದು, ರೋಮ್‌ನ ಬಂದರಾದ ಚಿವಿತವೆಕ್ಕಿಯಾದಲ್ಲೂ ಹತ್ತಬಹುದು. ಇದು ದೊಡ್ಡ ಅನುಕೂಲ. ಅನನುಕೂಲ ಅಂದರೆ ದಿನಾ ಒಂದಷ್ಟು ಜನ ಹತ್ತುತ್ತಾ ಇಳಿಯುತ್ತಾ ಇರುತ್ತಾರೆ, ಅನೌನ್ಸ್‌ಮೆಂಟ್ ನಾಲ್ಕೈದು ಭಾಷೆಯಲ್ಲಿ ಕೇಳಬೇಕು. ಇನ್ನೂ ಮುಖ್ಯವಾಗಿ, ಈ ಸುತ್ತಿನಲ್ಲಿ ರೋಮ್, ಫ್ಲಾರೆನ್ಸ್‌ನಂಥ ದೊಡ್ಡ ಹೆಸರಿನ ಊರುಗಳು ಬಂದರಿನಿಂದ ದೂರ.

*ಗ್ರೀಸ್ ಮತ್ತು ಟರ್ಕಿ.* ಅಥೆನ್ಸ್‌ನ ಬಂದರಾದ ಪಿರೇಯಸ್‌ನಿಂದ ಶುರುವಾಗಿ ದ್ವೀಪಗಳು, ಕುಶಾದಸಿ, ಕೆಲವೊಮ್ಮೆ ಇಸ್ತಾಂಬುಲ್. ಇತಿಹಾಸ ಇಷ್ಟಪಡುವವರಿಗೆ ಇದು ಸೊಗಸಾದ ದಾರಿ. ರೋಡ್ಸ್‌ನ ಹಳೆಯ ಕೋಟೆ ಊರು ಹಡಗಿನಿಂದ ನಡೆದು ಹೋಗುವಷ್ಟು ಹತ್ತಿರ. ಕ್ರೀಟ್‌ನ ಹೆರಾಕ್ಲಿಯನ್‌ನಿಂದ ಕ್ನೊಸೊಸ್ ಅರಮನೆಯ ಅವಶೇಷ ಸುಮಾರು 5 ಕಿ.ಮೀ. ಕುಶಾದಸಿಯಿಂದ ಎಫೆಸಸ್ ಅನ್ನುವ ಪುರಾತನ ನಗರದ ಅವಶೇಷ ಸುಮಾರು 20 ಕಿ.ಮೀ. ಅರ್ಧ ದಿನದಲ್ಲಿ ಆರಾಮಾಗಿ ನೋಡಿ ಬರಬಹುದು. ಸ್ಯಾಂಟೊರಿನಿ ಮಾತ್ರ ಜಾಗ್ರತೆಯಿಂದ ನೋಡಿ ಆರಿಸಿ. ದೋಣಿ ನಿಮ್ಮನ್ನು ಕಡಿದಾದ ಬಂಡೆಯ ಬುಡದಲ್ಲಿ ಇಳಿಸುತ್ತದೆ, ಮೇಲಿನ ಫಿರಾ ಊರಿಗೆ ಕೇಬಲ್ ಕಾರ್ ಹತ್ತಬೇಕು, ಇಲ್ಲವೇ ಆರುನೂರರ ಹತ್ತಿರ ಮೆಟ್ಟಿಲು ಹತ್ತಬೇಕು. ಕೇಬಲ್ ಕಾರಿನ ಗೂಡುಗಳು ಚಿಕ್ಕವು, ಎರಡು ಮೂರು ಹಡಗು ಒಟ್ಟಿಗೆ ಬಂದ ದಿನ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಹಡಗು ರಾತ್ರಿ ಒಂಬತ್ತು ಹತ್ತರವರೆಗೆ ನಿಲ್ಲುವ ಐಟಿನರಿ ಸಿಕ್ಕರೆ ಅದನ್ನೇ ಹಿಡಿಯಿರಿ, ಸೂರ್ಯಾಸ್ತ ನೋಡಿ ನಿಧಾನಕ್ಕೆ ಇಳಿಯಬಹುದು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಮಾತ್ರ ಇದ್ದರೆ ಆ ಐಟಿನರಿಯನ್ನು ಸ್ಯಾಂಟೊರಿನಿ ಸಲುವಾಗಿ ಆರಿಸಬೇಡಿ.

*ಏಡ್ರಿಯಾಟಿಕ್.* ಇಟಲಿಗೂ ಕ್ರೊಯೇಷಿಯಾಗೂ ನಡುವಿನ ಈ ಸಮುದ್ರ ನನಗೆ ತುಂಬಾ ಇಷ್ಟವಾದ ಭಾಗ. ಡುಬ್ರೊವ್ನಿಕ್, ಸ್ಪ್ಲಿಟ್, ಕೊಟೊರ್, ಕೊರ್ಫು. ಕೊಟೊರ್‌ಗೆ ಹೋಗುವ ದಾರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಡಲಿನಿಂದ ಒಳಗೆ ಬೆಟ್ಟಗಳ ನಡುವೆ ನೀರು ಸುತ್ತಿ ಸುತ್ತಿ ಹೋಗುತ್ತದೆ, ಒಂದು ಕಡೆ ವೆರಿಗೆ ಅನ್ನುವ ಜಲಸಂಧಿ ಬರೀ 340 ಮೀಟರ್ ಅಗಲಕ್ಕೆ ಇಳಿಯುತ್ತದೆ. ಅಷ್ಟು ದೊಡ್ಡ ಹಡಗು ಅಲ್ಲಿ ನಿಧಾನಕ್ಕೆ ನುಸುಳುವಾಗ ಎರಡೂ ದಡದ ಮನೆಗಳ ಕಿಟಕಿ ಕಾಣುತ್ತವೆ, ದಾಟಿದ ಕೂಡಲೇ ಎದುರಿಗೆ ಪೆರಾಸ್ಟ್ ಊರು, ಅದರ ಮುಂದೆ ನೀರಿನ ನಡುವೆ ಪುಟ್ಟ ದ್ವೀಪದಲ್ಲೊಂದು ಚರ್ಚ್. ಇದೆಲ್ಲ ಬಂದರು ಮುಟ್ಟುವ ಮೊದಲಿನ ಒಂದು ಗಂಟೆಯಲ್ಲಿ. ಹಡಗು 8ಕ್ಕೆ ತಲುಪುತ್ತದೆ ಅಂದರೆ ನೀವು 6.30ಕ್ಕೆ ಡೆಕ್ ಮೇಲೆ ಇರಬೇಕು. ಐಟಿನರಿ ಕತ್ತಲಲ್ಲಿ ಒಳಗೆ ಬಂದು ಕತ್ತಲಲ್ಲಿ ಹೊರಗೆ ಹೋಗುವ ಹಾಗಿದ್ದರೆ ಕೊಟೊರ್‌ನ ಅರ್ಧ ಸುಖ ಹೋಯಿತು, ಚಳಿಗಾಲದ ಐಟಿನರಿಗಳಲ್ಲಿ ಇದನ್ನು ನೋಡಿಕೊಳ್ಳಿ.

*ನಾರ್ವೆಯ ಫ್ಯೋರ್ಡ್‌ಗಳು.* ಫ್ಯೋರ್ಡ್ ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ ಕಿರಿದಾದ ತೋಳು. ಇಲ್ಲಿ ಊರಿಗಿಂತ ದಾರಿಯೇ ಮುಖ್ಯ. ಬೆಟ್ಟ, ನೀರು, ಜಲಪಾತ. ಗೈರಾಂಗರ್ ಫ್ಯೋರ್ಡ್ 2005ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಫ್ಲಾಮ್‌ನಲ್ಲಿ ಹಡಗು ನಿಲ್ಲುವ ಜಾಗದ ಪಕ್ಕದಲ್ಲೇ ರೈಲು ನಿಲ್ದಾಣ, ಅಲ್ಲಿಂದ ಮಿರ್ಡಾಲ್‌ವರೆಗೆ 20 ಕಿ.ಮೀ. ಹಾದಿಯಲ್ಲಿ ರೈಲು ಸಮುದ್ರ ಮಟ್ಟದಿಂದ 860 ಮೀಟರ್‌ಗೂ ಮೇಲೆ ಏರುತ್ತದೆ. ಹಡಗು ಬರುವ ದಿನ ಟಿಕೆಟ್ ಬೇಗ ಖಾಲಿಯಾಗುತ್ತವೆ, ಹಾಗಾಗಿ ದಿನಾಂಕ ಗಟ್ಟಿಯಾದ ಕೂಡಲೇ ಬುಕ್ ಮಾಡಿ. ತೊಂದರೆ ಏನೆಂದರೆ ಊಟ, ಟ್ಯಾಕ್ಸಿ ಎಲ್ಲ ದುಬಾರಿ, ಮಳೆ ಯಾವಾಗ ಬೇಕಾದರೂ ಬರುತ್ತದೆ, ಉತ್ತರ ಸಮುದ್ರ ಒಮ್ಮೊಮ್ಮೆ ಚೆನ್ನಾಗಿ ಅಲುಗಾಡಿಸುತ್ತದೆ. ಹೊಟ್ಟೆ ತೊಳಸುವವರು ಜರ್ಮನಿಯ ಕೀಲ್ ಅಥವಾ ಕೋಪನ್‌ಹೇಗನ್‌ನಿಂದ ಹೊರಡುವ ಹಡಗು ನೋಡಿ, ಬ್ರಿಟನ್ ವೀಸಾ ಖರ್ಚೂ ಉಳಿಯುತ್ತದೆ.

*ಬಾಲ್ಟಿಕ್.* ಹಿಂದೆ ಈ ದಾರಿಗೆ ಸೇಂಟ್ ಪೀಟರ್ಸ್‌ಬರ್ಗ್ ಕಿರೀಟದಂತಿತ್ತು, 2022ರಿಂದ ಅದು ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಇಲ್ಲ. ಈಗ ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ, ಟಾಲಿನ್ ಇವೆ. ಟಾಲಿನ್ ಚೆಂದದ ಊರು, ಬಂದರಿನಿಂದ ನಡೆದೇ ಹೋಗಬಹುದು. ಆದರೂ ಮೊದಲ ಕ್ರೂಸ್‌ಗೆ ನಾನು ಇದನ್ನು ಹೇಳುವುದಿಲ್ಲ.

*ನದಿ ಕ್ರೂಸ್.* ರೈನ್, ಡ್ಯಾನ್ಯೂಬ್. ಚಿಕ್ಕ ಹಡಗು, ಇನ್ನೂರರ ಆಸುಪಾಸಿನ ಜನ, ಎಷ್ಟೋ ಸಲ ಊರ ಮಧ್ಯದಲ್ಲೇ ನಿಲ್ಲುತ್ತದೆ, ಅಲುಗಾಟ ಇಲ್ಲವೇ ಇಲ್ಲ. ದರ ಜಾಸ್ತಿ. ಮಕ್ಕಳಿಗೆ ಬೇಜಾರು. ಬೇಸಿಗೆ ಕೊನೆಯಲ್ಲಿ ನೀರು ಇಳಿದರೆ ಅರ್ಧ ದಾರಿ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ, 2018ರಲ್ಲಿ ಮತ್ತು 2022ರಲ್ಲಿ ರೈನ್ ನದಿಯ ನೀರು ಹಾಗೆಯೇ ಇಳಿದಿತ್ತು. ಅರವತ್ತು ದಾಟಿದ ದಂಪತಿಗೆ ಒಳ್ಳೆಯ ಆಯ್ಕೆ, ಮೇ ತಿಂಗಳು ನೋಡಿ.

ಹಂತ 4: ಬಂದರಿನ ನಿಜವಾದ ಹೆಸರು ಹುಡುಕಿ

ಐಟಿನರಿಯಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಪ್ರಸಿದ್ಧ ಊರಿನ ಹೆಸರು. ಹಡಗು ನಿಲ್ಲುವುದು ಬೇರೆ ಕಡೆ. "ರೋಮ್" ಅಂದರೆ ಚಿವಿತವೆಕ್ಕಿಯಾ, ರೋಮ್‌ನಿಂದ ಸುಮಾರು 80 ಕಿ.ಮೀ. "ಫ್ಲಾರೆನ್ಸ್/ಪೀಸಾ" ಅಂದರೆ ಲಿವೊರ್ನೊ ಅಥವಾ ಲಾ ಸ್ಪೆಜಿಯಾ, ಲಿವೊರ್ನೊದಿಂದ ಫ್ಲಾರೆನ್ಸ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅದೂ ಬಂದರಿನಿಂದ ನಿಲ್ದಾಣಕ್ಕೆ ಹೋಗುವ ಹೊತ್ತು ಬಿಟ್ಟು. "ಪ್ಯಾರಿಸ್" ಅಂದರೆ ಲೆ ಹಾವ್ರ್, ಎರಡು ಗಂಟೆಗೂ ಹೆಚ್ಚಿನ ದಾರಿ. "ಬರ್ಲಿನ್" ಅಂದರೆ ವಾರ್ನೆಮುಂಡೆ, ಹೋಗಿ ಬರುವುದಕ್ಕೇ ಆರು ಗಂಟೆ ಹತ್ತಿರ ಹಿಡಿಯುತ್ತದೆ. "ಸ್ಟಾಕ್‌ಹೋಮ್" ಅಂತ ಬರೆದು ನೈನೆಸ್‌ಹಾಮ್ನ್‌ನಲ್ಲಿ ನಿಲ್ಲಿಸುವ ಹಡಗುಗಳೂ ಇವೆ, ಅದು ಊರಿನಿಂದ 60 ಕಿ.ಮೀ. ಆಚೆ.

ವೆನಿಸ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 25,000 ಟನ್‌ಗಿಂತ ದೊಡ್ಡ ಹಡಗುಗಳು ಸೇಂಟ್ ಮಾರ್ಕ್ ಚೌಕದ ಮುಂದಿನಿಂದ ಹೋಗುವುದನ್ನು ಇಟಲಿ ಸರ್ಕಾರ 2021ರ ಆಗಸ್ಟ್ 1ರಿಂದ ನಿಲ್ಲಿಸಿದೆ. ಹಳೆಯ ಫೋಟೊಗಳಲ್ಲಿ ಗೋಪುರಗಳ ಪಕ್ಕ ತೇಲುವ ಆ ದೊಡ್ಡ ಹಡಗು ಈಗ ಅಲ್ಲಿಗೆ ಬರುವುದಿಲ್ಲ. ಕೆಲವು ಹಡಗು ಮಾರ್ಗೆರಾದಲ್ಲಿ ನಿಲ್ಲುತ್ತವೆ, ಅದು ಹತ್ತಿರ. ಎಷ್ಟೋ ಹಡಗು "ವೆನಿಸ್" ಅಂತ ಹೇಳಿ ರವೆನ್ನಾ ಅಥವಾ ಟ್ರಿಯೆಸ್ಟೆಯಿಂದ ಹೊರಡುತ್ತವೆ, ಎರಡೂ ವೆನಿಸ್‌ನಿಂದ ಎರಡು ಎರಡೂವರೆ ಗಂಟೆಯ ದಾರಿ. ರವೆನ್ನಾ ಬಂದರೆ ಬೇಸರ ಪಡಬೇಡಿ, ಅಲ್ಲಿನ ಐದು-ಆರನೇ ಶತಮಾನದ ಮೊಸಾಯಿಕ್ ಚಿತ್ರಗಳನ್ನು ನೋಡಲೇ ಎಷ್ಟೋ ದೂರದಿಂದ ಜನ ಬರುತ್ತಾರೆ. ಆದರೆ ವಿಮಾನದ ಟಿಕೆಟ್, ಹೋಟೆಲ್ ಎಲ್ಲವನ್ನೂ ವೆನಿಸ್‌ನಲ್ಲಿ ಮಾಡಿಟ್ಟು, ಹಡಗು ಹತ್ತುವ ದಿನ ಬೆಳಿಗ್ಗೆ ಇದು ಗೊತ್ತಾಗಬಾರದು ಅಷ್ಟೆ.

ಎಲ್ಲ ಬಂದರೂ ಹೀಗೇ ಅಂದುಕೊಳ್ಳಬೇಡಿ. ಪಿರೇಯಸ್‌ನಿಂದ ಅಥೆನ್ಸ್ ನಡುವಿಗೆ ಮೆಟ್ರೊದಲ್ಲಿ ಅರ್ಧ ಗಂಟೆಯೂ ಬೇಡ. ನೇಪಲ್ಸ್, ಪಲೆರ್ಮೊ, ಜೆನೋವಾ ಬಂದರುಗಳು ಊರಿನ ಒಳಗೇ ಇವೆ. ನೇಪಲ್ಸ್‌ನಲ್ಲಿ ಹಡಗಿನಿಂದ ಇಳಿದು ಪಕ್ಕದ ಧಕ್ಕೆಗೆ ನಡೆದರೆ ಕಾಪ್ರಿ ದ್ವೀಪದ ದೋಣಿ ಸಿಗುತ್ತದೆ. ವಲೆಟ್ಟಾದಲ್ಲಿ ಕೋಟೆಗೋಡೆಯ ಬುಡದಲ್ಲೇ ಇಳಿದು, 58 ಮೀಟರ್ ಎತ್ತರದ ಬರ್ರಾಕ್ಕಾ ಲಿಫ್ಟ್ ಹತ್ತಿದರೆ ನೇರ ಊರಿನ ಮೇಲಿನ ತೋಟ. ಇಂಥ ಬಂದರು ಎಷ್ಟಿವೆ ಅಂತ ಎಣಿಸಿ ಐಟಿನರಿ ಹೋಲಿಸಿ.

ಹಂತ 5: ಗಂಟೆಯ ಲೆಕ್ಕ

ಒಂದು ಉದಾಹರಣೆ ಪೂರ್ತಿ ಮಾಡೋಣ. ಐಟಿನರಿ ಹೇಳುತ್ತದೆ: ರೋಮ್, ಬೆಳಿಗ್ಗೆ 7ರಿಂದ ಸಂಜೆ 7. ಹನ್ನೆರಡು ಗಂಟೆ! ಕೇಳಲು ಚೆನ್ನಾಗಿದೆ.

ಹಡಗು 7ಕ್ಕೆ ನಿಂತರೂ ಕಟ್ಟಿ, ಅನುಮತಿ ಸಿಕ್ಕಿ, ನೀವು ಕೆಳಗಿಳಿಯುವಾಗ 7.45. ಬಂದರಿನ ಬಸ್ ನಿಮ್ಮನ್ನು ಗೇಟಿನ ಹತ್ತಿರದ ಲಾರ್ಗೊ ದೆಲ್ಲಾ ಪಾಚೆ ಅನ್ನುವಲ್ಲಿ ಬಿಡುತ್ತದೆ, ಅಲ್ಲಿಂದ ಇನ್ನೊಂದು ಬಸ್ಸು ಅಥವಾ ಇಪ್ಪತ್ತು ನಿಮಿಷ ನಡಿಗೆ, ರೈಲು ನಿಲ್ದಾಣ ಮುಟ್ಟುವಾಗ 8.30. ಟಿಕೆಟ್, ಪ್ಲಾಟ್‌ಫಾರ್ಮ್, ಕಾಯುವುದು. ರೈಲು ಹತ್ತಿ ವ್ಯಾಟಿಕನ್ ಹತ್ತಿರದ ಸ್ಯಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿದರೆ 9.45 ಆಗಿರುತ್ತದೆ, ರೋಮ್‌ನ ಮುಖ್ಯ ನಿಲ್ದಾಣ ಟೆರ್ಮಿನಿವರೆಗೆ ಹೋದರೆ ಹತ್ತು ದಾಟುತ್ತದೆ. ಈಗ ಹಿಂದಿನಿಂದ ಎಣಿಸಿ. ಹಡಗು 7ಕ್ಕೆ ಹೊರಟರೆ ಎಲ್ಲರೂ ಹತ್ತಿರಬೇಕಾದ ಹೊತ್ತು 6.30, ಕೆಲವು ಕಂಪನಿಗಳಲ್ಲಿ 6. ರೈಲು ತಡವಾದರೆ ಇರಲಿ ಅಂತ ಒಂದು ಗಂಟೆ ಕೈಯಲ್ಲಿಟ್ಟುಕೊಂಡು 5ಕ್ಕೆ ಬಂದರಿನಲ್ಲಿ ಇರಬೇಕು ಅಂದರೆ, ರೋಮ್‌ನಿಂದ 3.15ರ ಹೊತ್ತಿಗೆ ರೈಲು ಹತ್ತಬೇಕು. ಉಳಿದದ್ದು ಐದೂವರೆ ಗಂಟೆ, ಅದರಲ್ಲೇ ಊಟ. ವ್ಯಾಟಿಕನ್ ಒಂದು, ಇಲ್ಲವೇ ಕೊಲೋಸಿಯಮ್ ಮತ್ತು ಸುತ್ತಮುತ್ತ. ಎರಡೂ ಆಗುವುದಿಲ್ಲ, ಓಡಿದರೂ ಆಗುವುದಿಲ್ಲ.

ಪ್ರತಿ ಊರಿಗೂ ಹೀಗೆ ಒಂದು ಹಾಳೆಯ ಮೇಲೆ ಬರೆಯಿರಿ: ಬಂದರು, ನಿಲ್ಲುವ ಹೊತ್ತು, ಹೋಗಿ ಬರುವ ಹೊತ್ತು, ಕೈಗೆ ಉಳಿಯುವ ಗಂಟೆ. ಎರಡು ಐಟಿನರಿ ಪಕ್ಕಪಕ್ಕ ಇಟ್ಟು ಕೊನೆಯ ಸಾಲು ಕೂಡಿಸಿ ನೋಡಿದರೆ, ಐದು ಊರಿನದು ಆರು ಊರಿನದಕ್ಕಿಂತ ಎಷ್ಟೋ ಸಲ ಮುಂದೆ ಇರುತ್ತದೆ.

ಹಡಗಿನವರ ಟೂರ್ ತೆಗೆದುಕೊಳ್ಳಬೇಕಾ ಅನ್ನುವುದೂ ಇಲ್ಲೇ ತೀರ್ಮಾನ ಆಗುತ್ತದೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ನೀವಾಗಿ ಹೋಗಿ ತಡವಾದರೆ ಕಾಯುವುದಿಲ್ಲ. ಬಂದರಿನಿಂದ ಒಂದು ಗಂಟೆಗಿಂತ ದೂರ ಇದ್ದು, ನಿಮಗೆ ಒಬ್ಬರೇ ಹೋಗುವ ಧೈರ್ಯ ಇಲ್ಲದಿದ್ದರೆ ಅವರ ಟೂರ್ ಹಿಡಿಯಿರಿ. ಹತ್ತಿರದ ಊರುಗಳಿಗೆ ಬೇಡ, ಸುಮ್ನೆ ದುಡ್ಡು. ಮತ್ತೆ ಗಡಿಯಾರ: ಗ್ರೀಸ್ ಇಟಲಿಗಿಂತ ಒಂದು ಗಂಟೆ ಮುಂದೆ, ಹಡಗಿನ ಸಮಯ ಮೊಬೈಲ್ ಸಮಯಕ್ಕೆ ಹೊಂದದೇ ಇರಬಹುದು. ಕೈಗೊಂದು ವಾಚ್ ಕಟ್ಟಿ ಹಡಗಿನ ಸಮಯ ಇಟ್ಟುಕೊಳ್ಳಿ.

ಹಂತ 6: ವಾರದ ಯಾವ ದಿನ, ಇನ್ನೂ ಎಷ್ಟು ಹಡಗು

ಇದನ್ನು ನೋಡುವವರು ತೀರಾ ಕಡಿಮೆ. ಫ್ಲಾರೆನ್ಸ್‌ನ ಉಫ್ಫಿಜಿ ಮತ್ತು ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ ಮ್ಯೂಸಿಯಂಗಳಿಗೆ ಸೋಮವಾರ ರಜೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತದೆ. ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂ ಮಂಗಳವಾರ ಇಲ್ಲ. ಏಳು ರಾತ್ರಿಯ ಸುತ್ತಿನ ಹಡಗು ಪ್ರತಿ ವಾರ ಅದೇ ದಿನ ಅದೇ ಊರಿಗೆ ಹೋಗುವುದರಿಂದ, ನಿಮ್ಮ ಹಡಗಿನ ರೋಮ್ ದಿನ ಭಾನುವಾರ ಆಗಿದ್ದರೆ ದಿನಾಂಕ ಬದಲಿಸಿದರೂ ಅದು ಭಾನುವಾರವೇ, ಬೇರೆ ಹಡಗೇ ನೋಡಬೇಕು. ನಮ್ಮ ಬೇಸಿಗೆ ರಜೆಯಲ್ಲಿ ಹೋಗುವವರು ಮೇ 1ನ್ನು ಮರೆಯಬೇಡಿ, ಅಂದು ಅಕ್ರೊಪೊಲಿಸ್ ಸೇರಿ ಎಷ್ಟೋ ಜಾಗಗಳು ಬಂದ್. ಇಟಲಿಯಲ್ಲಿ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ, ಹಾಗಾಗಿ ವಿಪರೀತ ಜನ.

ಅದೇ ದಿನ ಬಂದರಿನಲ್ಲಿ ಬೇರೆ ಎಷ್ಟು ಹಡಗು ಇರುತ್ತವೆ ಅನ್ನುವುದನ್ನು ಕ್ರೂಸ್‌ಮ್ಯಾಪರ್‌ನಂಥ ವೆಬ್‌ಸೈಟ್‌ನಲ್ಲಿ ದಿನಾಂಕ ಹಾಕಿ ನೋಡಬಹುದು. ಚಿಕ್ಕ ಊರುಗಳಿಗೆ ಇದು ಬಹಳ ಮುಖ್ಯ. ಸ್ಯಾಂಟೊರಿನಿಯಲ್ಲಿ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರ ಮಿತಿ ಇಟ್ಟಿದ್ದಾರೆ, ಆ ಪುಟ್ಟ ಊರಿಗೆ ಅದೂ ಜಾಸ್ತಿಯೇ. 2025ರ ಜುಲೈನಿಂದ ಗ್ರೀಸ್ ಕ್ರೂಸ್ ಪ್ರಯಾಣಿಕರಿಗೆ ಶುಲ್ಕವನ್ನೂ ಹಾಕಿದೆ, ಸ್ಯಾಂಟೊರಿನಿ ಮತ್ತು ಮಿಕೊನೊಸ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲೆಗೆ 20 ಯೂರೋ. ನಾಲ್ಕು ಜನರ ಮನೆಗೆ ಎರಡು ದ್ವೀಪಕ್ಕೆ 160 ಯೂರೋ ಆಯಿತು.

ಹಂತ 7: ಶುರು ಮತ್ತು ಕೊನೆಯ ಊರು

ರೋಮ್‌ಗೆ ದಾರಿ ಇದೆ ಅಂದೆನಲ್ಲ, ಅದು ಇದೇ. ನಿಮಗೆ ನೋಡಲೇಬೇಕಾದ ದೊಡ್ಡ ಊರು ಯಾವುದೋ ಅದನ್ನು ಕ್ರೂಸ್‌ನ ನಡುವೆ ಇಡಬೇಡಿ, ಶುರುವಿನಲ್ಲೋ ಕೊನೆಯಲ್ಲೋ ಇಡಿ. ಚಿವಿತವೆಕ್ಕಿಯಾದಲ್ಲಿ ಹತ್ತುವ ಕ್ರೂಸ್ ಹಿಡಿದು, ಎರಡು ಮೂರು ರಾತ್ರಿ ಮೊದಲೇ ಹೋಗಿ ರೋಮ್‌ನ ಹೋಟೆಲ್‌ನಲ್ಲಿ ಉಳಿದು, ಬೆಳಿಗ್ಗೆ ಬೇಗ ವ್ಯಾಟಿಕನ್, ಸಂಜೆ ನಿಧಾನಕ್ಕೆ ಟ್ರೆವಿ ಕಾರಂಜಿ ಅಂತ ನೋಡಿ ಆಮೇಲೆ ಹಡಗು ಹತ್ತಿ. ಬಾರ್ಸಿಲೋನಾಗೂ ಅಥೆನ್ಸ್‌ಗೂ ಇದೇ ಮಾತು. ಹಡಗು ಆಮೇಲೆ ನಿಮ್ಮನ್ನು ಚಿಕ್ಕ ಊರುಗಳಿಗೆ ಕರೆದೊಯ್ಯಲಿ.

ಇದರಿಂದ ಇನ್ನೊಂದು ಲಾಭ. ಬೆಂಗಳೂರಿನಿಂದ ರೋಮ್, ಬಾರ್ಸಿಲೋನಾ, ಅಥೆನ್ಸ್‌ಗೆ ಹೋಗುವವರು ಸಾಮಾನ್ಯವಾಗಿ ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್, ಪ್ಯಾರಿಸ್‌ನಲ್ಲಿ ವಿಮಾನ ಬದಲಿಸುತ್ತಾರೆ. ಒಂದು ವಿಮಾನ ತಡವಾಗಿ ಇನ್ನೊಂದು ತಪ್ಪಿದರೆ, ಸೂಟ್‌ಕೇಸ್ ಹಿಂದೆ ಉಳಿದರೆ, ಒಂದು ದಿನ ಬೇಕೇ ಬೇಕು. ಹಡಗು ಹೊರಡುವ ದಿನವೇ ಇಳಿಯುವ ಟಿಕೆಟ್ ಎಷ್ಟೇ ಅಗ್ಗ ಇದ್ದರೂ ಬೇಡ. ವಾಪಸ್ ಬರುವಾಗ ಮಧ್ಯಾಹ್ನದ ಮೇಲಿನ ವಿಮಾನ ಹಿಡಿಯಿರಿ. ಹಡಗು ಬೆಳಿಗ್ಗೆ ಬಂದರೂ ಸಾಮಾನು ಇಳಿದು ಹೊರಗೆ ಬರಲು ಹೊತ್ತಾಗುತ್ತದೆ.

ಹೊರಟ ಊರಿಗೇ ವಾಪಸ್ ಬರುವ ಸುತ್ತು ಮೊದಲ ಸಲಕ್ಕೆ ಸುಲಭ, ವಿಮಾನದ ಟಿಕೆಟ್ ಅಗ್ಗ. ಬಾರ್ಸಿಲೋನಾದಲ್ಲಿ ಹತ್ತಿ ಅಥೆನ್ಸ್‌ನಲ್ಲಿ ಇಳಿಯುವಂಥದ್ದರಲ್ಲಿ ಊರುಗಳು ಜಾಸ್ತಿ, ಟಿಕೆಟ್ ಲೆಕ್ಕ ಹಾಕಿ ನೋಡಿ. ಸಮುದ್ರದಲ್ಲೇ ಕಳೆಯುವ ದಿನ ಏಳು ರಾತ್ರಿಗೆ ಒಂದಾದರೂ ಇರಲಿ, ಸತತ ನಾಲ್ಕು ದಿನ ನಡೆದ ಕಾಲಿಗೆ ಅದು ಬೇಕು.

ಹಂತ 8: ಈಗ ಹಡಗು, ಊಟ, ದುಡ್ಡು

ಎರಡು ಐಟಿನರಿ ಸಮ ಸಮ ಅನ್ನಿಸಿದಾಗ ಮಾತ್ರ ಹಡಗು ನೋಡಿ. ತುಂಬಾ ದೊಡ್ಡ ಹಡಗು ಚಿಕ್ಕ ಬಂದರಿಗೆ ಹೋಗಲಾರದು, ಹೋದರೂ ಇಳಿಯಲು ಸಾಲು.

ಸಸ್ಯಾಹಾರಿಗಳು, ಜೈನ ಊಟ ಬೇಕಾದವರು ಬುಕ್ ಮಾಡುವಾಗಲೇ ಬರೆದು ತಿಳಿಸಿ, ಹತ್ತಿದ ದಿನ ಡೈನಿಂಗ್ ಹಾಲ್‌ನ ಮುಖ್ಯಸ್ಥರಿಗೆ ಇನ್ನೊಮ್ಮೆ ಹೇಳಿ. ತೀರಾ ಕಟ್ಟುನಿಟ್ಟಿನವರು ಗಮನಿಸಿ, ಇಟಲಿಯ ಪಾರ್ಮಿಜಾನೊ ಚೀಸ್ ಮಾಡುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕೆಟಲ್, ರೈಸ್ ಕುಕ್ಕರ್ ಒಯ್ಯಬೇಡಿ, ಹೆಚ್ಚಿನ ಹಡಗುಗಳಲ್ಲಿ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ಸಾಕು, ಬಿಸಿನೀರು ಬಫೆಯಲ್ಲಿ ಸಿಗುತ್ತದೆ.

ದರ ಹೋಲಿಸುವಾಗ ಟಿಕೆಟ್ ಬೆಲೆ ಒಂದನ್ನೇ ನೋಡಬೇಡಿ. ಬಂದರು ತೆರಿಗೆ, ಅಮೆರಿಕದ ಕಂಪನಿಗಳಲ್ಲಿ ದಿನಕ್ಕೆ ತಲೆಗೆ 15ರಿಂದ 20 ಡಾಲರ್‌ವರೆಗಿನ ಟಿಪ್ಸ್, ಇಂಟರ್‌ನೆಟ್, ದೂರದ ಬಂದರುಗಳಿಂದ ಊರಿಗೆ ಹೋಗುವ ಖರ್ಚು, ವಿಮಾನ, ಹೋಟೆಲ್, ವೀಸಾ ಎಲ್ಲ ಸೇರಿಸಿ. ಭಾರತದ ಏಜೆಂಟರ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ (ಹಣ ಕಟ್ಟುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ರಿಟರ್ನ್ಸ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಆದರೆ ಆ ದುಡ್ಡು ಮೊದಲು ನಿಮ್ಮ ಕೈಯಿಂದ ಹೋಗಬೇಕು.

ಬುಕ್ ಮಾಡುವ ಕ್ರಮ

ಮೊದಲು ಅಡ್ವಾನ್ಸ್ ವಾಪಸ್ ಸಿಗುವ ದರದಲ್ಲಿ ಕ್ರೂಸ್, ರದ್ದು ಮಾಡಬಹುದಾದ ಹೋಟೆಲ್, ಆಮೇಲೆ ವೀಸಾ. ಪೂರ್ತಿ ಹಣ ಕಟ್ಟುವ ಕೊನೆಯ ದಿನ ಸಾಮಾನ್ಯವಾಗಿ ಎರಡು ಮೂರು ತಿಂಗಳು ಮುಂಚೆ ಇರುತ್ತದೆ, ಆ ದಿನದ ಒಳಗೆ ವೀಸಾ ಕೈಗೆ ಬರುವ ಹಾಗೆ ಅಪಾಯಿಂಟ್‌ಮೆಂಟ್ ಹಿಡಿಯಿರಿ. ವೀಸಾ ಬಂದ ಮೇಲೆ ಕೊಲೋಸಿಯಮ್, ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚ್, ಅಕ್ರೊಪೊಲಿಸ್ ಟಿಕೆಟ್‌ಗಳನ್ನು ಗಂಟೆ ನಮೂದಿಸಿ ತೆಗೆದುಕೊಳ್ಳಿ.

ಎಲ್ಲ ಆದ ಮೇಲೂ ಹಡಗು ಬಂದರು ಬದಲಿಸಬಹುದು. ಗಾಳಿ, ಮುಷ್ಕರ, ಬಂದರಿನಲ್ಲಿ ಜಾಗ ಇಲ್ಲ, ಕಾರಣ ಏನೇ ಇರಲಿ, ಕಂಪನಿಗೆ ಆ ಹಕ್ಕಿದೆ ಅಂತ ಟಿಕೆಟ್ಟಿನ ಷರತ್ತಿನಲ್ಲೇ ಬರೆದಿರುತ್ತದೆ. ಬಿಟ್ಟುಹೋದ ಬಂದರಿನ ತೆರಿಗೆ ವಾಪಸ್ ಕೊಡಬಹುದು, ನೀವಾಗಿ ಮಾಡಿದ ಟೂರ್ ಟಿಕೆಟ್‌ಗೆ ಅವರು ಜವಾಬ್ದಾರರಲ್ಲ. ಹಾಗಾಗಿ ಟೆಂಡರ್ ಬಂದರುಗಳಲ್ಲಿ ಹೊರಗಿನ ಟೂರ್ ಮಾಡುವಾಗ "ಹಡಗು ಬರದಿದ್ದರೆ ಪೂರ್ತಿ ಹಣ ವಾಪಸ್" ಅಂತ ಬರೆದುಕೊಡುವವರ ಹತ್ತಿರವೇ ಮಾಡಿ.